ಕ್ಲೈವ್ ಸುಲಿವನ್: ನಾನು ದಿನಾ ಓಡಾಡುವ ರಸ್ತೆಗೆ ಹೆಸರಾದ ರಗ್ಬಿ ಲೀಗ್ ಆಟಗಾರ

ಹಂಬರ್_ದಂಡೆ (ಚರ್ಚೆ ಶುರು ಮಾಡಿದವರು):

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಹಲ್ ಊರಿಗೆ ಬಂದು ಆರು ವರ್ಷ ಆಯ್ತು. ಮನೆ ಹೆಸ್ಸಲ್‌ನಲ್ಲಿ, ಹಂಬರ್ ಸೇತುವೆ ಹತ್ತಿರ. ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಜಾಸ್ತಿ ರಾತ್ರಿ ಪಾಳಿ. ಊರೊಳಗೆ ಹೋಗಲು ಎ63 ಹೆದ್ದಾರಿ ಹಿಡಿಯುತ್ತೇನೆ. ಸೇತುವೆಯಿಂದ ಊರಿನ ಕಡೆಗೆ ಬರುವ ಭಾಗಕ್ಕೆ ಕ್ಲೈವ್ ಸುಲಿವನ್ ವೇ ಅಂತ ಹೆಸರು. ಯಾರೋ ಹಳೇ ಮೇಯರ್ ಇರಬೇಕು, ಇಲ್ಲಾ ಯುದ್ಧದಲ್ಲಿ ಹೆಸರು ಮಾಡಿದ ಸೇನಾಧಿಕಾರಿ ಇರಬೇಕು ಅಂದುಕೊಂಡು ಮೂರು ವರ್ಷ ಓಡಾಡಿದೆ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಎಂಬತ್ತು ದಾಟಿದೆ. ಒಂದಿನ ಚಹಾ ಕುಡಿಯುವಾಗ ಸುಮ್ನೆ ಕೇಳಿದೆ, ಕ್ಲೈವ್ ಸುಲಿವನ್ ಅಂದ್ರೆ ಯಾರು ಅಂತ. ಅವರು ಕಪ್ ಕೆಳಗಿಟ್ಟರು. ಮೇಜಿನ ಮೇಲಿದ್ದ ಮಗ್ಗು, ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ ಎಲ್ಲಾ ಸಾಲಾಗಿ ಜೋಡಿಸಿದರು. ಅವೆಲ್ಲ ಆಸ್ಟ್ರೇಲಿಯಾದ ಆಟಗಾರರಂತೆ. ಕೈಯಲ್ಲಿದ್ದ ಚಮಚ ಕ್ಲೈವ್. ಆ ಚಮಚವನ್ನು ಮಗ್ಗುಗಳ ಪಕ್ಕದಿಂದ ಮೇಜಿನ ಆ ತುದಿಯವರೆಗೆ ಒಂದೇ ಓಟದಲ್ಲಿ ತಳ್ಳಿಕೊಂಡು ಹೋದರು. 1972ರ ವಿಶ್ವಕಪ್ ಫೈನಲ್, ಫ್ರಾನ್ಸಿನ ಲಿಯೋನ್ ನಗರ. ಚಮಚ ಮೇಜಿನ ಅಂಚಿಗೆ ತಲುಪಿದಾಗ ಅವರ ಕಣ್ಣು ತುಂಬಿತ್ತು.

ಅವತ್ತಿನಿಂದ ಈ ಮನುಷ್ಯನ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಕನ್ನಡದಲ್ಲಿ ಏನೂ ಸಿಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚುಟುಕಾಗಿ ಹೇಳಿಬಿಡ್ತೀನಿ. ಹುಟ್ಟಿದ್ದು 1943ರಲ್ಲಿ, ವೇಲ್ಸ್‌ನ ಕಾರ್ಡಿಫ್ ನಗರದ ಸ್ಪ್ಲಾಟ್ ಅನ್ನೋ ಬಡಾವಣೆಯಲ್ಲಿ. ಕಪ್ಪು ಜನಾಂಗದ ಕುಟುಂಬ. ಬೆಳೆಯುವ ವಯಸ್ಸಿನಲ್ಲಿ ಕಾಲು, ಪಾದ, ಭುಜಕ್ಕೆಲ್ಲ ಶಸ್ತ್ರಚಿಕಿತ್ಸೆ. ಈ ಹುಡುಗ ಸರಿಯಾಗಿ ನಡೆಯೋದೇ ಕಷ್ಟ ಅಂದಿದ್ದರಂತೆ ಡಾಕ್ಟರು. ಆಮೇಲೆ ಸೇನೆ ಸೇರಿದರು. 1961ರಲ್ಲಿ ಹಲ್ ಎಫ್‌ಸಿ ಕ್ಲಬ್ ಸೇರಿದರು, ವಿಂಗರ್ ಆಗಿ. 1972ರಲ್ಲಿ ಗ್ರೇಟ್ ಬ್ರಿಟನ್ ತಂಡದ ನಾಯಕ. ಯಾವುದೇ ಆಟದಲ್ಲಿ ಬ್ರಿಟನ್ನಿನ ರಾಷ್ಟ್ರೀಯ ತಂಡಕ್ಕೆ ನಾಯಕನಾದ ಮೊದಲ ಕಪ್ಪು ಆಟಗಾರ ಅವರೇ. ಅದೇ ವರ್ಷ ವಿಶ್ವಕಪ್ ಗೆದ್ದರು. 1985ರಲ್ಲಿ, 42ನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ ತೀರಿಕೊಂಡರು.

ಗೊತ್ತಿರುವವರು ದಯವಿಟ್ಟು ಸೇರಿಸಿ.

ಧಾರವಾಡ_ಪೇಡೆ:

ಛಲೋ ವಿಷಯ ಎತ್ತಿದಿರಿ ಅಕ್ಕಾರ. ಮೊದಲು ನನಗೆ ಒಂದು ಬಿಡಿಸಿ ಹೇಳಿ. ರಗ್ಬಿ ಲೀಗ್ ಅಂದ್ರೆ ನಾವು ಟೀವಿಯಲ್ಲಿ ನೋಡುವ ರಗ್ಬಿಯೇ ಏನು? ಅದರ ಪಂದ್ಯಾವಳಿಗೆ ಲೀಗ್ ಅಂತಾರೋ?

ಲೀಡ್ಸ್_ಮಾವ:

ಇಲ್ಲ, ಇದು ಬೇರೆ ಆಟ. ನಾನು ಈ ಕಡೆ ಇಪ್ಪತ್ತು ವರ್ಷದಿಂದ ಇದ್ದೀನಿ, ಹೇಳ್ತೀನಿ.

ನೀವು ಟೀವಿಯಲ್ಲಿ ನೋಡೋದು ರಗ್ಬಿ ಯೂನಿಯನ್ ಇರಬೇಕು. ಅದರಲ್ಲಿ 15 ಜನ, ಲೀಗ್‌ನಲ್ಲಿ 13. ಲೀಗ್‌ನಲ್ಲಿ ಚೆಂಡು ಹಿಡಿದವನನ್ನು ಕೆಡವಿದರೆ ಅವನು ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುತ್ತಾನೆ. ಹೀಗೆ ಆರು ಸಲ ಕೆಡವಿಸಿಕೊಳ್ಳಬಹುದು, ಆಮೇಲೆ ಚೆಂಡು ಎದುರಾಳಿಗೆ. ಯೂನಿಯನ್‌ನಲ್ಲಿ ಕಾಣುವ ಆ ದೊಡ್ಡ ಗುಂಪು, ನೂಕಾಟ ಇಲ್ಲಿ ಕಡಿಮೆ. ಓಟ ಜಾಸ್ತಿ.

ಬೇರೆ ಆದದ್ದು ಯಾಕೆ ಅನ್ನೋದೇ ದೊಡ್ಡ ಕತೆ. 1895ರ ಆಗಸ್ಟ್‌ನಲ್ಲಿ ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಸಭೆ ಸೇರಿದವು. ಅಲ್ಲಿನ ಆಟಗಾರರು ಗಿರಣಿ ಕೆಲಸದವರು, ಕಲ್ಲಿದ್ದಲ ಗಣಿಯವರು. ಶನಿವಾರ ಆಡಲು ಹೋದರೆ ಅರ್ಧ ದಿನದ ಕೂಲಿ ಕಟ್. ಆ ಕೂಲಿಯನ್ನಾದರೂ ಕೊಡೋಣ ಅಂತ ಇವರು ಕೇಳಿದರು. ಆಟಕ್ಕೆ ದುಡ್ಡು ತಗೊಳ್ಳೋದು ತಪ್ಪು ಅಂತ ಆಟ ನಡೆಸುತ್ತಿದ್ದ ದೊಡ್ಡವರು ಒಪ್ಪಲಿಲ್ಲ. ಬೇರೆಯಾದರು. ಆಮೇಲೆ ನೂರು ವರ್ಷ, ಲೀಗ್ ಆಡಿದವನಿಗೆ ಯೂನಿಯನ್ ಬಾಗಿಲು ಮುಚ್ಚಿದ ಹಾಗೇ. ಟ್ರಯಲ್ ಆಡಲು ಬಂದ ಹುಡುಗರ ಹೆಸರನ್ನೂ ಪಟ್ಟಿಯಲ್ಲಿ ಮುಚ್ಚಿಡುತ್ತಿದ್ದರು, ಆಯ್ಕೆ ಆಗದೆ ಹೋದರೆ ಎರಡೂ ಕಡೆಯಿಂದ ಕೆಡಬಾರದಲ್ಲ ಅಂತ.

ಕ್ಲೈವ್ ಕೂಡ ಹಾಗೇ ಬಂದವರು. ಮೊದಲು ಬ್ರಾಡ್‌ಫರ್ಡ್‌ನಲ್ಲಿ ಟ್ರಯಲ್ ಆಡಿದರು, ಅವರು ತಗೊಳ್ಳಲಿಲ್ಲ. ಆಮೇಲೆ ಹಲ್‌ನಲ್ಲಿ ಹೆಸರು ಹೇಳದೆ ಆಡಿದರು. ಮೂರು ಟ್ರೈ ಹೊಡೆದರು. ಟ್ರೈ ಅಂದ್ರೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸೋದು. ಕ್ಲಬ್‌ನವರು ತಡಮಾಡದೆ ಸಹಿ ಹಾಕಿಸಿಕೊಂಡರು.

ಕಬಡ್ಡಿ_ಕೋರ್ಟ್:

ಮಂಡ್ಯ ಕಡೆಯವನು ನಾನು, ಕಾಲೇಜಿನಲ್ಲಿ ಕಬಡ್ಡಿ ಆಡ್ತಿದ್ದೆ. ಲೀಡ್ಸ್ ಅಣ್ಣ ಹೇಳಿದ್ದು ಓದಿ ಎರಡು ಪಂದ್ಯ ನೋಡಿದೆ. ಒಬ್ಬನನ್ನು ಮೂವರು ಸೇರಿ ಹಿಡಿಯೋದು, ಒಬ್ಬ ಕಾಲಿಗೆ, ಇನ್ನೊಬ್ಬ ಸೊಂಟಕ್ಕೆ. ನಮ್ಮವರಿಗೆ ಇದು ಅರ್ಥವಾಗೋದು ಸುಲಭ.

ಕ್ಲೈವ್ ವಿಂಗರ್ ಅಂದ್ರಿ. ಅಂದ್ರೆ ಮೈದಾನದ ಅಂಚಿನಲ್ಲಿ ನಿಲ್ಲುವವನು, ಅಲ್ವಾ? ಅಂಚಿನಲ್ಲಿ ನಿಲ್ಲೋದು ಎಷ್ಟು ಕಷ್ಟ ಅಂತ ಕಾರ್ನರ್ ಆಡಿದವರಿಗೆ ಗೊತ್ತು. ಇಪ್ಪತ್ತು ನಿಮಿಷ ನಿಮ್ಮ ಹತ್ತಿರ ಏನೂ ಬರೋದಿಲ್ಲ. ಮೈ ತಣ್ಣಗಾಗಿರುತ್ತೆ. ಬಂದಾಗ ಒಂದೇ ಕ್ಷಣ. ಪಕ್ಕದಲ್ಲೇ ಗೆರೆ, ಹಿಂದೆ ಎದುರಾಳಿ. ಚಿಕ್ಕಂದಿನಲ್ಲಿ ಕಾಲಿಗೆ ಅಷ್ಟು ಸಲ ಕತ್ತರಿ ಬಿದ್ದ ಹುಡುಗ ಓಟವೇ ಎಲ್ಲಾ ಆಗಿರುವ ಈ ಜಾಗಕ್ಕೆ ಬಂದನಲ್ಲ. ಇದು ನನಗೆ ದೊಡ್ಡದು.

ಲೆಕ್ಕದ_ಪುಸ್ತಕ:

ನನಗೆ ಅಂಕಿಗಳ ಹುಚ್ಚು. ಹಲ್ ಎಫ್‌ಸಿಗೆ 352 ಪಂದ್ಯ, 250 ಟ್ರೈ. ಆಮೇಲೆ ಹಲ್ ಕಿಂಗ್‌ಸ್ಟನ್ ರೋವರ್ಸ್‌ಗೆ 213 ಪಂದ್ಯ, 118 ಟ್ರೈ. 1968ರಲ್ಲಿ ಡಾಂಕಾಸ್ಟರ್ ವಿರುದ್ಧ ಒಂದೇ ಪಂದ್ಯದಲ್ಲಿ ಏಳು ಟ್ರೈ! ಗ್ರೇಟ್ ಬ್ರಿಟನ್ ಪರ 17 ಪಂದ್ಯ. 1968ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಮೂರು ಟ್ರೈ. 1972ರ ವಿಶ್ವಕಪ್‌ನಲ್ಲಿ ಆಡಿದ ನಾಲ್ಕೂ ಪಂದ್ಯದಲ್ಲಿ ಒಂದೊಂದು.

ಫೈನಲ್ ಸ್ಕೋರು ನೋಡಿದರೆ 10-10. ಸಮ ಆದರೆ ಗೆದ್ದದ್ದು ಹೇಗೆ ಅಂತ ಹುಡುಕಿದೆ. ಹೆಚ್ಚುವರಿ ಸಮಯ ಆಡಿದ ಮೇಲೂ ಸಮವೇ. ಆಗಿನ ನಿಯಮದ ಪ್ರಕಾರ ಲೀಗ್ ಹಂತದಲ್ಲಿ ಮುಂದಿದ್ದವರಿಗೆ ಕಪ್. ಬ್ರಿಟನ್ ಮೂರಕ್ಕೆ ಮೂರೂ ಗೆದ್ದಿತ್ತು, ಆಸ್ಟ್ರೇಲಿಯಾವನ್ನೂ ಪರ್ಪಿನ್ಯಾದಲ್ಲಿ 27-21ರಿಂದ ಸೋಲಿಸಿತ್ತು. ಆಗ ಒಂದು ಟ್ರೈಗೆ ಮೂರೇ ಅಂಕ, 1983ರ ನಂತರ ನಾಲ್ಕಾಯಿತು. ಕ್ಲೈವ್ ಒಂದು, ಮೈಕ್ ಸ್ಟೀಫನ್‌ಸನ್ ಒಂದು, ಟೆರ್ರಿ ಕ್ಲಾಸನ್ ಕಂಬಗಳ ನಡುವೆ ಒದ್ದ ಗೋಲು ಎರಡು, ಒಂದಕ್ಕೆ ಎರಡು ಅಂಕ. ಮೂರು, ಮೂರು, ನಾಲ್ಕು. ಹತ್ತು.

ಆ ಕಪ್ ಆದಮೇಲೆ ಬ್ರಿಟನ್ ಆಗಲಿ, ಇಂಗ್ಲೆಂಡ್ ಆಗಲಿ ಮತ್ತೆ ರಗ್ಬಿ ಲೀಗ್ ವಿಶ್ವಕಪ್ ಗೆದ್ದೇ ಇಲ್ಲ.

ಹಂಬರ್_ದಂಡೆ:

ಥ್ಯಾಂಕ್ಸ್ ಸರ್. ಅಜ್ಜ ಚಮಚದಲ್ಲಿ ತೋರಿಸಿದ್ದು ಆ ಮೊದಲ ಟ್ರೈಯನ್ನೇ. ಆಸ್ಟ್ರೇಲಿಯಾದವರು ಮುಂದೆ ನುಗ್ಗಿ ಬರುತ್ತಿದ್ದರು. ಚೆಂಡು ಅವರ ಕೈ ಜಾರಿತು. ಕ್ಲೈವ್ ಎತ್ತಿಕೊಂಡರು. ಮುಂದೆ ಖಾಲಿ ಮೈದಾನ. ಮುಕ್ಕಾಲು ಮೈದಾನ ಒಬ್ಬರೇ ಓಡಿದರು, ಹಿಂದೆ ಬಿದ್ದವರಿಗೆ ಸಿಗಲೇ ಇಲ್ಲ. ಇದರ ವಿಡಿಯೋ ಇದೆ. ಮಸುಕಾದ ಚಿತ್ರ. ಸ್ಟೇಡಿಯಂ ತುಂಬಾ ಖಾಲಿ ಸೀಟುಗಳು, ನೋಡಲು ಬಂದಿದ್ದವರು ನಾಲ್ಕು ಸಾವಿರದಷ್ಟು ಜನ ಮಾತ್ರ. ವಿಶ್ವಕಪ್ ಫೈನಲ್ ಅದು!

ಇನ್ನೊಂದು ಪ್ರಾಮಾಣಿಕವಾಗಿ ಹೇಳಬೇಕು. ಆಸ್ಟ್ರೇಲಿಯಾದ ನಾಯಕ ಗ್ರೇಮ್ ಲ್ಯಾಂಗ್‌ಲ್ಯಾಂಡ್ಸ್ ಅವತ್ತು ಎತ್ತರಕ್ಕೆ ಒದ್ದ ಚೆಂಡಿನ ಹಿಂದೆ ಓಡಿ, ಗಾಳಿಯಲ್ಲೇ ಹಾರಿ ಹಿಡಿದು ನೆಲಕ್ಕೆ ಮುಟ್ಟಿಸಿದರು. ರೆಫರಿ ಆಫ್‌ಸೈಡ್ ಅಂದರು. ಅದನ್ನು ಕೊಟ್ಟಿದ್ದರೆ ಕಪ್ ಆ ಕಡೆ ಹೋಗುತ್ತಿತ್ತು. ಅಜ್ಜನೂ ಒಪ್ಪುತ್ತಾರೆ, ಅದು ಟ್ರೈ ಇದ್ದರೂ ಇರಬಹುದು ಅಂತ. ಆದರೆ ಆಮೇಲೆ ಐದು ನಿಮಿಷ ಮಾತಾಡುವುದಿಲ್ಲ.

ಧಾರವಾಡ_ಪೇಡೆ:

ನನಗೆ ಒಂದು ಅನಿಸುತ್ತದೆ. ಇಷ್ಟೆಲ್ಲ ಟ್ರೈ, ಅಂಕಿ ಇರಲಿ. ಕಪ್ಪು ಮನುಷ್ಯ ಬ್ರಿಟನ್ನಿನ ನಾಯಕನಾದ, ಅದೂ 1972ರಲ್ಲಿ. ಅದೇ ಎಲ್ಲಕ್ಕಿಂತ ದೊಡ್ಡದು. ಶೀರ್ಷಿಕೆಯಲ್ಲೇ ಅದನ್ನು ಹಾಕಬೇಕಿತ್ತು ನೀವು. ರಸ್ತೆ ಹೆಸರು ಹಾಕಿದ್ದೀರಿ.

ಹಂಬರ್_ದಂಡೆ:

ಬೇಕಂತಲೇ ಹಾಕಲಿಲ್ಲ. ಆ ಮಾತು ಮೊದಲು ಬಂದರೆ ಜನ ಅಲ್ಲಿಗೇ ನಿಲ್ಲುತ್ತಾರೆ. "ಮೊದಲ ಕಪ್ಪು ನಾಯಕ" ಅಂತ ಓದಿ, ತಲೆದೂಗಿ, ಮುಂದೆ ಹೋಗಿಬಿಡುತ್ತಾರೆ. ಆ ಮನುಷ್ಯ ಹೇಗೆ ಓಡುತ್ತಿದ್ದ, ಯಾಕೆ ಒಂದು ಇಡೀ ಊರು ಅವನನ್ನು ತನ್ನವನು ಅಂದುಕೊಂಡಿತು, ಅದು ಯಾರಿಗೂ ತಿಳಿಯೋದಿಲ್ಲ. ನಾನು ಕೆಲಸ ಮಾಡುವ ಕಡೆಯೂ ಇದು ಆಗುತ್ತೆ. ಹೊಸಬರಿಗೆ ನನ್ನನ್ನು ಪರಿಚಯಿಸುವಾಗ ಮೊದಲು "ಇಂಡಿಯಾದಿಂದ ಬಂದವರು" ಅಂತಾರೆ, ಆಮೇಲೆ ಕೆಲಸ. ಕೆಟ್ಟ ಮನಸ್ಸಿನಿಂದಲ್ಲ. ಆದರೂ ಹನ್ನೆರಡು ವರ್ಷದ ಐಸಿಯು ಅನುಭವ ಮೊದಲು ಹೇಳಲಿ ಅನಿಸುತ್ತೆ ನನಗೆ.

ಲೀಡ್ಸ್_ಮಾವ:

ನಿಮ್ಮ ಮಾತು ಒಪ್ಪುತ್ತೇನೆ ತಂಗಿ, ಆದರೆ ಪೂರ್ತಿ ಅಲ್ಲ.

ಕ್ಲೈವ್ ಕಾರ್ಡಿಫ್‌ನಿಂದ ಉತ್ತರಕ್ಕೆ ಯಾಕೆ ಬಂದರು ಅಂತ ನೋಡಬೇಕು. ವೇಲ್ಸ್‌ನಲ್ಲಿ ರಗ್ಬಿ ಯೂನಿಯನ್ ಅಂದ್ರೆ ಪ್ರಾಣ. ಕಾರ್ಡಿಫ್‌ನ ಬಂದರು ಬೀದಿಗಳಲ್ಲಿ ಕಪ್ಪು ಹುಡುಗರೂ ಅದೇ ಆಟ ಆಡಿ ಬೆಳೆದರು. ಆದರೆ ವೇಲ್ಸ್ ಯೂನಿಯನ್ ತಂಡಕ್ಕೆ ಕಪ್ಪು ಆಟಗಾರ ಬರಲು 1980ರ ದಶಕ ಬರಬೇಕಾಯ್ತು. ಬಿಲ್ಲಿ ಬೋಸ್ಟನ್ ಕೂಡ ಅದೇ ಊರಿನ ಕಪ್ಪು ಆಟಗಾರ. 1953ರಲ್ಲಿ ವಿಗನ್ ಕ್ಲಬ್ ಸೇರಿದರು, ಒಟ್ಟು 571 ಟ್ರೈ ಹೊಡೆದರು. ಅವರಿಗೆ ಸರ್ ಪದವಿ ಸಿಕ್ಕಿದ್ದು 2025ರಲ್ಲಿ, ತೊಂಬತ್ತು ದಾಟಿದ ಮೇಲೆ. ರಗ್ಬಿ ಲೀಗ್ ಆಟಗಾರನಿಗೆ ಆ ಗೌರವ ಅದೇ ಮೊದಲು.

ಕ್ಲೈವ್ ಹಲ್‌ಗೆ ಬಂದಾಗ ಅಲ್ಲಿ ಕೋಚ್ ಯಾರಿದ್ದರು ಗೊತ್ತಾ? ರಾಯ್ ಫ್ರಾನ್ಸಿಸ್. ಅವರೂ ವೇಲ್ಸ್‌ನವರು, ಅವರೂ ಕಪ್ಪು. 1947ರಲ್ಲೇ ಗ್ರೇಟ್ ಬ್ರಿಟನ್‌ಗೆ ಆಡಿದ ಮೊದಲ ಕಪ್ಪು ಆಟಗಾರ. ಕೋಚ್ ಆಗಿ 1956, 1958 ಎರಡು ಸಲ ಹಲ್ ಎಫ್‌ಸಿಗೆ ಚಾಂಪಿಯನ್‌ಶಿಪ್ ಗೆಲ್ಲಿಸಿದ್ದರು. ಹದಿನೆಂಟು ವರ್ಷದ ಹುಡುಗ ಡ್ರೆಸ್ಸಿಂಗ್ ರೂಮಿನ ಬಾಗಿಲು ತೆಗೆದಾಗ ಒಳಗೆ ತನ್ನಂಥವನೇ ಒಬ್ಬ ಯಜಮಾನನಾಗಿ ನಿಂತಿದ್ದ. ಇದು ಹೇಳದೆ ಕ್ಲೈವ್ ಕತೆ ಹೇಳಲು ಆಗೋದಿಲ್ಲ.

ಹೋಲಿಕೆಗೆ ಇನ್ನೊಂದು. ಇಂಗ್ಲೆಂಡ್ ಫುಟ್‌ಬಾಲ್ ಸೀನಿಯರ್ ತಂಡಕ್ಕೆ ಮೊದಲ ಕಪ್ಪು ಆಟಗಾರ ವಿವ್ ಆಂಡರ್ಸನ್ ಬಂದದ್ದು 1978ರಲ್ಲಿ. ಕಪ್ಪು ನಾಯಕ ಬಂದದ್ದು 1993ರಲ್ಲಿ, ಪಾಲ್ ಇನ್ಸ್. ಕ್ಲೈವ್ ನಾಯಕನಾಗಿ ಕಪ್ ಎತ್ತಿ ಆಗಲೇ ಇಪ್ಪತ್ತೊಂದು ವರ್ಷ ಆಗಿತ್ತು. ಆದರೂ ಲಂಡನ್ ಕಡೆಯ ಎಷ್ಟೋ ಜನಕ್ಕೆ ಈ ಹೆಸರೇ ಗೊತ್ತಿಲ್ಲ. ಯಾಕೆ? ಲೀಗ್ ಉತ್ತರದ ಕೂಲಿಯವರ ಆಟ. ಅಲ್ಲಿ ಆದದ್ದು ದೇಶದ ಸುದ್ದಿ ಆಗೋದಿಲ್ಲ. ಅದಕ್ಕೇ ಅದನ್ನು ಮೊದಲು ಹೇಳಬೇಕು, ಜೋರಾಗಿ ಹೇಳಬೇಕು ಅಂತ ನಾನು.

ಧಾರವಾಡ_ಪೇಡೆ:

ರಾಯ್ ಫ್ರಾನ್ಸಿಸ್ ವಿಷಯ ಗೊತ್ತಿರಲಿಲ್ಲ. ಕೇಳಿ ಮೈ ಜುಂ ಅಂತು.

ಕಾಫಿತೋಟ:

ನಾನು ಇಲ್ಲಿ ಸುಮ್ಮನೆ ಓದುವವಳು, ಬರೆಯೋದು ಕಡಿಮೆ. ನಮ್ಮಣ್ಣನ ಮಗನಿಗೆ ಹನ್ನೆರಡು ವರ್ಷ. ಕಾಲಿಗೆ ಎರಡು ಆಪರೇಷನ್ ಆಗಿದೆ, ಇನ್ನೊಂದು ಬಾಕಿ. ಸಂಜೆ ಹೊತ್ತು ಜಗುಲಿ ಮೇಲೆ ಕೂತು ಬೇರೆ ಹುಡುಗರು ಆಡೋದನ್ನು ನೋಡುತ್ತಾನೆ. ಚೆಂಡು ಅಂಗಳಕ್ಕೆ ಬಂದರೆ ಕೋಲಿನಿಂದ ವಾಪಸ್ ತಳ್ಳುತ್ತಾನೆ. ಈ ಕ್ಲೈವ್ ಅವರ ಕಾಲು ಸರಿಯಾಯ್ತು ಅಂತ ಗೊತ್ತಾಗಿದ್ದು ಹೇಗೆ? ಅವನಿಗೆ ಹೇಳೋಣ ಅಂತ ಕೇಳಿದೆ.

ಹಂಬರ್_ದಂಡೆ:

ಅಕ್ಕ, ಓದಿದ್ದನ್ನು ಹೇಳುತ್ತೇನೆ. ಅವರು ಆಟವನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದರು. ಸೇನೆಯಲ್ಲಿದ್ದಾಗ ಒಂದು ರಗ್ಬಿ ಪಂದ್ಯಕ್ಕೆ ಇವರ ಹೆಸರು ಹಾಕಿದರು. ಕಾರ್ಡಿಫ್ ಹುಡುಗ ಅಂದಮೇಲೆ ಆಡಲು ಬಂದೇ ಬರುತ್ತೆ ಅಂತ. ಬೇಡ ಅನ್ನಬೇಕಾದರೆ ಕಾಲಿನ ವಿಷಯ ಹೊರಗೆ ಬರುತ್ತೆ, ಸೇನೆಯಿಂದಲೇ ಕಳಿಸಿಬಿಟ್ಟರೆ ಅನ್ನೋ ಭಯ. ಅದಕ್ಕೆ ಆಡಿದರು. ಓಡಿದರು. ನೋವು ಬರಲಿಲ್ಲ. ಆ ದಿನವೇ ಅವರಿಗೆ ಗೊತ್ತಾಗಿದ್ದು.

ಆದರೆ ನರ್ಸ್ ಆಗಿ ಒಂದು ಮಾತು. ಒಬ್ಬೊಬ್ಬರ ಕಾಲು ಒಂದೊಂದು ರೀತಿ. ಕ್ಲೈವ್ ಓಡಿದರು ಅಂದಮಾತ್ರಕ್ಕೆ ನೀನೂ ಓಡ್ತೀಯ ಅಂತ ಮಗುವಿಗೆ ಮಾತು ಕೊಡಬೇಡಿ. ಕತೆ ಹೇಳಿ. ವಿಡಿಯೋ ತೋರಿಸಿ. ಮೂರನೇ ಆಪರೇಷನ್ ಆದಮೇಲೆ ಫಿಸಿಯೋ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಏನಾದರೂ ಕೇಳಬೇಕಿದ್ದರೆ ನನಗೆ ಬೇರೆಯಾಗಿ ಬರೆಯಿರಿ.

ಕಬಡ್ಡಿ_ಕೋರ್ಟ್:

ಕಾಫಿತೋಟ ಅಕ್ಕ, ನಿಮ್ಮಣ್ಣನ ಮಗನಿಗೆ ನನ್ನ ಕಡೆಯಿಂದಲೂ ಶುಭವಾಗಲಿ ಅಂತ ಹೇಳಿ.

ಈಗ ನನ್ನ ಪ್ರಶ್ನೆ. ಹಲ್ ಎಫ್‌ಸಿ ಬಿಟ್ಟು ಅದೇ ಊರಿನ ಇನ್ನೊಂದು ಕ್ಲಬ್‌ಗೆ ಹೋದರು ಅಂತ ಲೆಕ್ಕದ ಅಣ್ಣ ಬರೆದಿದ್ದಾರೆ. ನಮ್ಮ ಕಡೆ ಪಕ್ಕದ ಊರಿನ ತಂಡಕ್ಕೆ ಹೋಗಿ ಆಡಿದರೇ ಮನೆ ಮುಂದೆ ಗಲಾಟೆ ಆಗುತ್ತೆ. ಅಲ್ಲಿ ಜನ ಸುಮ್ಮನಿದ್ದರಾ?

ಹಂಬರ್_ದಂಡೆ:

ನನಗೆ ಈ ಇಡೀ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ಈ ಊರಿನ ನಡುವೆ ಹಲ್ ಅನ್ನೋ ಸಣ್ಣ ನದಿ ಹರಿಯುತ್ತೆ. ಅದರ ಪಶ್ಚಿಮಕ್ಕೆ ಹಲ್ ಎಫ್‌ಸಿ, ಕಪ್ಪು ಬಿಳಿ ಅಂಗಿ. ಅಲ್ಲಿನ ಜನ ಹಿಂದೆ ಮೀನುಗಾರಿಕೆ ದೋಣಿಯವರು. ಪೂರ್ವಕ್ಕೆ ಹಲ್ ಕಿಂಗ್‌ಸ್ಟನ್ ರೋವರ್ಸ್, ಕೆಂಪು ಬಿಳಿ, ಅವರು ಹಡಗುಕಟ್ಟೆ ಕೆಲಸದವರು. ಯಾವ ದಡದಲ್ಲಿ ಹುಟ್ಟಿದಿರೋ ಆ ತಂಡ, ಸಾಯುವವರೆಗೆ. ಪಶ್ಚಿಮದ ಕೆಲವರು ಹಂದಿ ಮಾಂಸದ ಬೇಕನ್ ತಿನ್ನುವುದಿಲ್ಲವಂತೆ, ಅದು ಕೆಂಪು ಬಿಳಿ ಪಟ್ಟೆ ಇರುತ್ತಲ್ಲ ಅಂತ.

ಕ್ಲೈವ್ 1961ರಿಂದ 1974ರವರೆಗೆ ಪಶ್ಚಿಮದವರ ದೇವರು. ನಡುವೆ 1963ರಲ್ಲಿ ಕಾರು ಅಪಘಾತವಾಗಿ ಜೀವ ಹೋಗುವ ಹಾಗಾಯ್ತು, ಮೂರು ತಿಂಗಳಲ್ಲಿ ಎದ್ದು ಬಂದು ಆಡಿದರು. 1974ರಲ್ಲಿ ನದಿ ದಾಟಿ ರೋವರ್ಸ್‌ಗೆ ಹೋದರು. ಅಜ್ಜನಿಗೆ ಆಗ ಏನನಿಸಿತು ಅಂತ ಕೇಳಿದೆ. "ಒಂದು ವಾರ ಅವನ ಹೆಸರು ಎತ್ತಲಿಲ್ಲ. ಆಮೇಲೆ ಅವನ ಆಟ ನೋಡಲು ಪೂರ್ವಕ್ಕೆ ಬಸ್ ಹತ್ತಿದೆ," ಅಂದರು. ಬೇರೆ ಯಾವ ಆಟಗಾರನಿಗೂ ಅವರು ಹಾಗೆ ಮಾಡಿಲ್ಲ.

ಇನ್ನು 1980. ಚಾಲೆಂಜ್ ಕಪ್ (ಇಲ್ಲಿನ ರಗ್ಬಿ ಲೀಗ್ ಕ್ಲಬ್‌ಗಳ ನಾಕೌಟ್ ಪಂದ್ಯಾವಳಿ) ಫೈನಲ್, ಲಂಡನ್ನಿನ ವೆಂಬ್ಲಿ. ಎದುರುಬದುರು ನಿಂತದ್ದು ಈ ಊರಿನ ಎರಡೂ ಕ್ಲಬ್‌ಗಳೇ. ಊರಿಗೆ ಊರೇ ಎ63 ಹಿಡಿದು ಹೊರಟಿತು. ಯಾರೋ ರಸ್ತೆ ಪಕ್ಕದಲ್ಲಿ ಒಂದು ಬೋರ್ಡ್ ಹಾಕಿದ್ದರು: ಕೊನೆಗೆ ಹೊರಡುವವರು ದೀಪ ಆರಿಸಿ ಹೋಗಿ. ಈ ಬೋರ್ಡಿನ ವಿಷಯ ಇಲ್ಲಿ ಈಗಲೂ ಹೇಳದವರಿಲ್ಲ. ರೋವರ್ಸ್ 10-5ರಿಂದ ಗೆದ್ದರು. ಆ ತಂಡದಲ್ಲಿ ಕ್ಲೈವ್ ಇದ್ದರು, 37ನೇ ವಯಸ್ಸಿನಲ್ಲಿ, ತಾವು 250 ಟ್ರೈ ಹೊಡೆದ ಕ್ಲಬ್ಬಿನ ವಿರುದ್ಧ.

ಲೆಕ್ಕದ_ಪುಸ್ತಕ:

ಅದಕ್ಕೆ ಮುಂದಿನದನ್ನೂ ಸೇರಿಸಿ. ಆಮೇಲೆ ಮತ್ತೆ ಹಲ್ ಎಫ್‌ಸಿಗೆ ಬಂದರು, ಕೋಚಿಂಗ್ ಕೆಲಸಕ್ಕೆ. 1982ರ ಚಾಲೆಂಜ್ ಕಪ್ ಫೈನಲ್ ವಿಡ್ನೆಸ್ ವಿರುದ್ಧ 14-14 ಸಮ ಆಯ್ತು. ಮರುಪಂದ್ಯ ಲೀಡ್ಸ್‌ನ ಎಲ್ಲಂಡ್ ರೋಡ್‌ನಲ್ಲಿ. ಅದಕ್ಕೆ ಕ್ಲೈವ್ ಅವರನ್ನೇ ಮತ್ತೆ ಅಂಗಿ ತೊಡಿಸಿ ಇಳಿಸಿದರು. ವಯಸ್ಸು 39. ಎಫ್‌ಸಿ 18-9ರಿಂದ ಗೆದ್ದಿತು. ಹೀಗೆ ನದಿಯ ಎರಡೂ ದಡಕ್ಕೆ ಕಪ್ ಗೆದ್ದುಕೊಟ್ಟರು. ಎರಡೂ ಕ್ಲಬ್ಬಿಗೆ ನೂರಕ್ಕಿಂತ ಜಾಸ್ತಿ ಟ್ರೈ ಹೊಡೆದವರು ಅವರೊಬ್ಬರೇ.

ಲೀಡ್ಸ್_ಮಾವ:

ಈಗ ನಿಮ್ಮ ಮಾತು ನನಗೆ ಸರಿಯಾಗಿ ಅರ್ಥವಾಗುತ್ತಿದೆ ತಂಗಿ. ರಸ್ತೆಗೆ ಹೆಸರಿಡೋಣ ಅಂದಾಗ ಎಫ್‌ಸಿಯವನ ಹೆಸರಿಟ್ಟರೆ ಪೂರ್ವದವರು ಬಿಡುತ್ತಿರಲಿಲ್ಲ, ರೋವರ್ಸ್‌ನವನದು ಅಂದರೆ ಪಶ್ಚಿಮದವರು ಬಿಡುತ್ತಿರಲಿಲ್ಲ. ಇಬ್ಬರೂ ಒಪ್ಪುವ ಹೆಸರು ಒಂದೇ ಇತ್ತು. ಕಾರ್ಡಿಫ್‌ನಿಂದ ಬಂದ ಒಬ್ಬ ಕಪ್ಪು ಮನುಷ್ಯನ ಹೆಸರು. ನಾನು ಹೇಳಿದ್ದನ್ನು ವಾಪಸ್ ತಗೊಳ್ಳಲ್ಲ, ಆದರೆ ರಸ್ತೆ ಶೀರ್ಷಿಕೆಯಲ್ಲೇ ಇರಲಿ.

ಧಾರವಾಡ_ಪೇಡೆ:

ಬೆಂಗಳೂರಿನ ಅನಿಲ್ ಕುಂಬ್ಳೆ ಸರ್ಕಲ್ ದಾಟುವಾಗ ನಾನೂ ಇನ್ನು ಮೇಲೆ ಒಂದು ಕ್ಷಣ ತಲೆ ಎತ್ತಿ ನೋಡ್ತೀನಿ. ಮಗಳಿಗೆ ಆ ಹತ್ತು ವಿಕೆಟ್ ಕತೆ ಹೇಳಬೇಕು. ಅವಳಿಗೆ ಅದು ಬರೀ ಸಿಗ್ನಲ್.

ಕ್ಲೈವ್ ಕುಟುಂಬದಲ್ಲಿ ಬೇರೆ ಯಾರಾದರೂ ಆಡಿದರೇನು?

ಲೆಕ್ಕದ_ಪುಸ್ತಕ:

ಮಗ ಆಂಥನಿ ಸುಲಿವನ್. ಅವರೂ ವಿಂಗರ್. ಹಲ್ ಕಿಂಗ್‌ಸ್ಟನ್ ರೋವರ್ಸ್, ಆಮೇಲೆ ಸೇಂಟ್ ಹೆಲೆನ್ಸ್. ವೇಲ್ಸ್‌ಗೆ ಲೀಗ್, ಯೂನಿಯನ್ ಎರಡರಲ್ಲೂ ಆಡಿದರು. ಅಪ್ಪನಿಗೆ ಸಿಗದ ಬಾಗಿಲು ಮಗನಿಗೆ ತೆರೆಯಿತು. ಎರಡೂ ಹಲ್ ಕ್ಲಬ್‌ಗಳು ಎದುರುಬದುರು ಆಡುವ ಪಂದ್ಯದ ಟ್ರೋಫಿಗೆ ಕ್ಲೈವ್ ಹೆಸರಿಟ್ಟಿದ್ದಾರೆ. 1974ರಲ್ಲಿ ಅವರಿಗೆ ಎಂಬಿಇ ಗೌರವವೂ ಬಂತು.

ಲೀಡ್ಸ್_ಮಾವ:

ಕಾರ್ಡಿಫ್ ಬೇ ಕಡೆ ಹೋಗುವವರು ಪ್ರತಿಮೆ ನೋಡಿ ಬನ್ನಿ. 2023ರ ಜುಲೈನಲ್ಲಿ ನಿಲ್ಲಿಸಿದ್ದು. ಬಿಲ್ಲಿ ಬೋಸ್ಟನ್, ಗಸ್ ರಿಸ್ಮನ್, ಕ್ಲೈವ್ ಸುಲಿವನ್, ಮೂವರೂ ಒಟ್ಟಿಗೆ ಇದ್ದಾರೆ. ಊರು ಬಿಟ್ಟು ಉತ್ತರಕ್ಕೆ ಹೋದ ಮೂವರು ಮಕ್ಕಳನ್ನು ಊರು ವಾಪಸ್ ಕರೆಸಿಕೊಂಡ ಹಾಗಿದೆ.

ಕಾಫಿತೋಟ:

ಹುಡುಗನಿಗೆ ಆ ಲಿಯೋನ್ ವಿಡಿಯೋ ತೋರಿಸಿದೆ. ನಾಲ್ಕು ಸಲ ನೋಡಿದ. "ಅತ್ತೆ, ಇವರು ಓಡುವಾಗ ಹಿಂದೆ ತಿರುಗಿ ನೋಡೋದೇ ಇಲ್ಲ" ಅಂದ. ಮೂರನೇ ಆಪರೇಷನ್ ಮುಂದಿನ ತಿಂಗಳು.

ಹಂಬರ್_ದಂಡೆ:

ಆ ತಿಂಗಳು ಪೂರ್ತಿ ನನ್ನ ಪ್ರಾರ್ಥನೆಯಲ್ಲಿ ಇರುತ್ತಾನೆ ಅಕ್ಕ.

ಭಾನುವಾರ ಅಜ್ಜನ ಮನೆಗೆ ಹೋಗಿ ಇಲ್ಲಿ ನಡೆದದ್ದೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಇಂಡಿಯಾದಲ್ಲಿ ಇಷ್ಟು ಜನ ಕ್ಲೈವ್ ಬಗ್ಗೆ ಮಾತಾಡ್ತಿದ್ದಾರೆ ಅಂದರೆ ಮೊದಲು ನಂಬಲಿಲ್ಲ. ಕನ್ನಡ ಅಕ್ಷರದಲ್ಲಿ ಕ್ಲೈವ್ ಸುಲಿವನ್ ಅಂತ ಬರೆದು ಕೊಡು ಅಂದರು. ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ.

ಕಾಫಿತೋಟದ ಹುಡುಗನಿಗೋಸ್ಕರ ಚಮಚದ ಓಟವನ್ನು ಇನ್ನೊಮ್ಮೆ ಮೇಜಿನ ಮೇಲೆ ಮಾಡಿ ತೋರಿಸಲು ಒಪ್ಪಿದ್ದಾರೆ. ಮೊಬೈಲಿನಲ್ಲಿ ಹಿಡಿದು ಇಲ್ಲಿ ಹಾಕುತ್ತೇನೆ. ಒಂದೇ ಷರತ್ತು ಹಾಕಿದ್ದಾರೆ, ಆಸ್ಟ್ರೇಲಿಯಾಕ್ಕೆ ಕೆಂಪು ಮಗ್ಗುಗಳೇ ಇರಬೇಕಂತೆ. ನಮ್ಮ ಮನೆಯಲ್ಲಿ ನಾಲ್ಕಿವೆ, ತಗೊಂಡು ಹೋಗ್ತೀನಿ.